ಬರದಲ್ಲೂ ಬಾಡದ ಬಳ್ಳಾರಿ ಜಾಲಿ

ಹೆಸರು ಬಳ್ಳಾರಿ ಜಾಲಿ. ತವರು ಮಾತ್ರ ಅಮೆರಿಕ ಖಂಡ! 1876-78ರ ಧಾತು-ಈಶ್ವರ ಬರದಲ್ಲಿ ಅಂದಿನ ಮದರಾಸು ಪ್ರಾಂತ್ಯದ ಬಳ್ಳಾರಿ, ಕಡಪ ಸೀಮೆಗಳು ತತ್ತರಿಸಿದ್ದವು. ಅದೇ ಕಾಲದಲ್ಲಿ ಜಮೈಕಾದಿಂದ ತರಿಸಿದ ಇದರ ಬೀಜವನ್ನು ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಬಿತ್ತಲಾಯಿತು. ಬರಡು ನೆಲ ಹಸಿರಾಗಲಿ, ಸೌದೆ ಸಿಗಲಿ ಎಂಬುದು ಉದ್ದೇಶ.

ಅದು ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಈಡೇರಿತು. ಬರ ಬಂದಾಗ ನಮ್ಮ ಕುರುಚಲು ಕಾಡಿನ ಬಹಳಷ್ಟು ಮರಗಳು ಎಲೆ ಉದುರಿಸಿ, ಬೆಳವಣಿಗೆ ತಗ್ಗಿಸಿ ಮಳೆಗಾಗಿ ಕಾಯುತ್ತವೆ. ಹುಲ್ಲು ಒಣಗಿದರೂ ಬೇರಿನಲ್ಲೋ ಬೀಜದಲ್ಲೋ ಜೀವ ಹಿಡಿದಿರುತ್ತದೆ. ಜಾಲಿಯ ದಾರಿಯೇ ಬೇರೆ. ಬೇರನ್ನು ಆಳಕ್ಕಿಳಿಸಿ ನೀರು ಹುಡುಕಿಕೊಂಡು ಹಸಿರಾಗಿಯೇ ಉಳಿಯುತ್ತದೆ. ಇದರ ಸೊಪ್ಪನ್ನು ದನ, ಆಡುಗಳು ಹೆಚ್ಚಾಗಿ ಮುಟ್ಟುವುದಿಲ್ಲ. ಸಿಹಿ ಕಾಯಿ ತಿಂದು ಸಗಣಿ, ಹಿಕ್ಕೆಯೊಡನೆ ಬೀಜ ಹರಡುತ್ತವೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ.

ನಮ್ಮ ಬನ್ನಿ ಇದರ ಹತ್ತಿರದ ಬಂಧು, ಅದರ ಬೇರೂ ಆಳದ್ದೇ. ಆದರೆ ಬನ್ನಿಯ ಸೊಪ್ಪು ಮೇವಾಗುತ್ತದೆ. ರಾಜಸ್ಥಾನದಲ್ಲಿ ಅದರ ಕೆಳಗೇ ಸಜ್ಜೆ ಬೆಳೆಯುತ್ತಾರೆ. ಜಾಲಿಯ ಪೊದೆಯಡಿ ಹುಲ್ಲೂ ಅಪರೂಪ. ಹಾಗಾಗಿ ಬರಗಾಲದಲ್ಲಿ ಊರ ಸುತ್ತ ಹಸಿರಿದ್ದರೂ ದನಗಳಿಗೆ ಮೇವಿಲ್ಲ.

ಜಾಲಿಯ ಸೌದೆ, ಇದ್ದಿಲನ್ನೇ ನಂಬಿದ ಬಡವರೂ ಇದ್ದಾರೆ. ಕಿತ್ತು ಹಾಕುವ ಮುನ್ನ ಅವರ ಒಲೆಯ ಬಗೆಗೂ ಯೋಚಿಸಬೇಕು.