ಯಾರ್ಕ್‌ಶೈರ್ ಮಂದಿ ಉಳಿಸಿಕೊಂಡದ್ದು

1974ರ ಏಪ್ರಿಲ್ 1ರಂದು ಇಂಗ್ಲೆಂಡಿನ ಯಾರ್ಕ್‌ಶೈರ್ ಜಿಲ್ಲೆಯ ಎಷ್ಟೋ ಊರುಗಳು ಇದ್ದಲ್ಲೇ ಇದ್ದು ಬೇರೆ ಜಿಲ್ಲೆಗೆ ಸೇರಿಹೋದವು. ಆಡಳಿತ ಸುಧಾರಣೆಗೆಂದು ಪಾರ್ಲಿಮೆಂಟು 1972ರಲ್ಲಿ ಮಾಡಿದ ಕಾಯ್ದೆ ಅಂದು ಜಾರಿಗೆ ಬಂತು. ಸೆಡ್‌ಬರ್ ಕಂಬ್ರಿಯಾಕ್ಕೆ ಹೋಯಿತು, ಬಾರ್ನೋಲ್ಡ್ಸ್‌ವಿಕ್ ಲ್ಯಾಂಕಶೈರ್‌ಗೆ, ಸ್ಯಾಡಲ್‌ವರ್ತ್ ಗ್ರೇಟರ್ ಮ್ಯಾಂಚೆಸ್ಟರ್‌ಗೆ. ಹಲ್, ಬೆವರ್ಲಿ ಊರುಗಳು ಹಂಬರ್‌ಸೈಡ್ ಎಂಬ ಹೊಚ್ಚಹೊಸ ಹೆಸರಿನ ಕೆಳಗೆ ಬಂದವು. ಡೇನರು ಆಳಿದ ಕಾಲದಿಂದ ಯಾರ್ಕ್‌ಶೈರ್ ಮೂರು ಪಾಲಾಗಿತ್ತು. ಒಂದೊಂದು ಪಾಲಿಗೆ ರೈಡಿಂಗ್ ಎಂದು ಹೆಸರು. ಸಾವಿರ ವರ್ಷ ನಡೆದುಬಂದ ಆ ಮೂರು ರೈಡಿಂಗ್‌ಗಳೂ ಸರಕಾರಿ ಕಡತದಿಂದ ಅಳಿಸಿಹೋದವು.

ಜನ ಸುಮ್ಮನಿರಲಿಲ್ಲ. ಯಾರ್ಕ್‌ಶೈರ್ ರೈಡಿಂಗ್ಸ್ ಸೊಸೈಟಿ ಕಟ್ಟಿಕೊಂಡರು. 1975ರ ಆಗಸ್ಟ್ 1ರಂದು ಬೆವರ್ಲಿಯಲ್ಲಿ ಮೊದಲ ‘ಯಾರ್ಕ್‌ಶೈರ್ ದಿನ’ ಆಚರಿಸಿದರು. 1759ರ ಅದೇ ದಿನ ಮಿಂಡನ್ ಯುದ್ಧದಲ್ಲಿ ಯಾರ್ಕ್‌ಶೈರ್ ಪಡೆಯ ಸಿಪಾಯಿಗಳು ತಮ್ಮ ನಾಡಿನ ಗುರುತಾದ ಬಿಳಿ ಗುಲಾಬಿ ಮುಡಿದಿದ್ದರೆಂಬ ನೆನಪು ಆ ದಿನಾಂಕಕ್ಕಿದೆ. 1834ರ ಅದೇ ದಿನ ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದಾಯಿತು. ಅದಕ್ಕಾಗಿ ಜೀವಮಾನವಿಡೀ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್ ಹಲ್‌ನಲ್ಲಿ ಹುಟ್ಟಿದವರು. ನನ್ನನ್ನು ಕೇಳಿದರೆ, ಯುದ್ಧದ ನೆನಪಿಗಿಂತ ಈ ಕಾರಣವೇ ದೊಡ್ಡದು. ಯಾರ್ಕ್‌ಶೈರ್ ದಿನದಂದು ಯಾರ್ಕ್ ನಗರದ ಕೋಟೆ ಬಾಗಿಲುಗಳಲ್ಲಿ ನಿಂತು ಓದುವ ಘೋಷಣೆಯಲ್ಲಿ ಯಾರ್ಕ್‌ಶೈರ್ ಗಡಿಗಳ ವಯಸ್ಸನ್ನು ಕ್ರಿ.ಶ. 875ರಿಂದ ಎಣಿಸಿ ಹೇಳುತ್ತಾರೆ.

ನಾನು ಧಾರವಾಡದವಳು. ಮದುವೆಯಾಗಿ ಬ್ರಾಡ್‌ಫರ್ಡ್ ಪಕ್ಕದ ಶಿಪ್ಲಿಗೆ ಬಂದೆ, ಈಗ ಇದೇ ನನ್ನ ಊರು. ಆಗಸ್ಟ್ ಬಂತೆಂದರೆ ನೀಲಿ ಬಣ್ಣದ ಮೇಲೆ ಬಿಳಿ ಗುಲಾಬಿಯ ಬಾವುಟಗಳು ಎಲ್ಲೆಲ್ಲೂ ಹಾರುತ್ತವೆ, ನೋಡಲು ಚೆಂದ. ಆದರೆ ಈ ನಾಡಿನ ಅಭಿಮಾನ ಬಾವುಟದಿಂದ ಉಳಿದದ್ದಲ್ಲ. ಕೂಲಿ ಮಾಡುವವರ ಮಕ್ಕಳು ವರ್ಷಗಟ್ಟಲೆ ಬೆವರು ಸುರಿಸಿ ಮಾಡಿದ ಕೆಲಸದಿಂದ ಉಳಿದದ್ದು. ಅವರಲ್ಲಿ ಮೊದಲು ಹೇಳಬೇಕಾದವರು ಜೋಸೆಫ್ ರೈಟ್.

ರೈಟ್ ಹುಟ್ಟಿದ್ದು 1855ರಲ್ಲಿ, ಬೆಳೆದದ್ದು ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ವಿಂಡ್‌ಹಿಲ್‌ನಲ್ಲಿ. ಆರನೇ ವಯಸ್ಸಿಗೆ ಕಲ್ಲುಗಣಿಯಲ್ಲಿ ಕತ್ತೆಗಾಡಿ ಹೊಡೆಯುವ ಕೆಲಸ. ಏಳಕ್ಕೆ ಟೈಟಸ್ ಸಾಲ್ಟ್ ಕಟ್ಟಿಸಿದ ಸಾಲ್ಟೇರ್ ಗಿರಣಿ ಸೇರಿದರು. ನೂಲು ತುಂಬಿದ ಉರುಳೆಗಳನ್ನು ತೆಗೆದು ಖಾಲಿ ಉರುಳೆ ಹಾಕುವುದು ಅಲ್ಲಿನ ಹುಡುಗರ ಪಾಲಿನ ಕೆಲಸ. ಹದಿನೈದು ತುಂಬಿದರೂ ಅವರಿಗೆ ಓದು ಬರಹ ಸರಿಯಾಗಿ ಬರುತ್ತಿರಲಿಲ್ಲ. ಫ್ರಾನ್ಸ್‌ಗೂ ಪ್ರಷ್ಯಕ್ಕೂ ಯುದ್ಧ ನಡೆದಿದ್ದ ದಿನಗಳವು. ಜೊತೆಯ ಕೆಲಸಗಾರ ಪೇಪರು ಓದಿ ಹೇಳುತ್ತಿದ್ದ. ಆ ಸುದ್ದಿಯನ್ನು ತಾನೇ ಓದಬೇಕೆಂಬ ಹಟ ರೈಟ್‌ಗೆ ಹುಟ್ಟಿತು. ಬೈಬಲ್ ಹಿಡಿದು ಅಕ್ಷರ ಕಲಿತರು. ರಾತ್ರಿಶಾಲೆಯಲ್ಲಿ ಫ್ರೆಂಚ್, ಜರ್ಮನ್, ಲ್ಯಾಟಿನ್ ಕಲಿತರು, ಮುಂದೆ ತಾವೇ ರಾತ್ರಿಶಾಲೆ ತೆರೆದು ವಾರಕ್ಕೆ ಎರಡು ಪೆನ್ನಿಯಂತೆ ಪಾಠ ಹೇಳಿದರು. ಸುಮಾರು 40 ಪೌಂಡ್ ಕೂಡಿಟ್ಟು 1876ರಲ್ಲಿ ಹಡಗು ಹತ್ತಿ ಆಂಟ್‌ವರ್ಪ್‌ನಲ್ಲಿ ಇಳಿದರು. ದುಡ್ಡು ಉಳಿಸಲು ಅಲ್ಲಿಂದ ಹೈಡಲ್‌ಬರ್ಗ್‌ವರೆಗೆ ನಡೆದೇ ಹೋದರು. 1885ರಲ್ಲಿ ಅದೇ ವಿಶ್ವವಿದ್ಯಾಲಯದ ಡಾಕ್ಟರೇಟ್ ಕೈಗೆ ಬಂತು. 1901ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪ್ರೊಫೆಸರ್ ಆದರು.

ಅಷ್ಟು ಓದಿದ ಮನುಷ್ಯ 1892ರಲ್ಲಿ ಬರೆದ ಪುಸ್ತಕ ತಮ್ಮೂರು ವಿಂಡ್‌ಹಿಲ್‌ನ ಆಡುಮಾತಿನ ವ್ಯಾಕರಣ! ಶಾಲೆಗಳಲ್ಲಿ ಮಾಸ್ತರರು ತಿದ್ದುತ್ತಿದ್ದ, ಒರಟು ಎಂದು ದೊಡ್ಡವರು ಮೂಗು ಮುರಿಯುತ್ತಿದ್ದ ಮಾತದು. ಅದಕ್ಕೂ ಗ್ರೀಕ್, ಸಂಸ್ಕೃತಕ್ಕಿರುವಂಥದೇ ನಿಯಮಗಳಿವೆ ಎಂದು ರೈಟ್ ಸ್ವರ ಸ್ವರವಾಗಿ ಬಿಡಿಸಿ ತೋರಿಸಿದರು. ಆಮೇಲೆ ಕೈಹಾಕಿದ್ದು ಇಂಗ್ಲಿಷಿನ ಎಲ್ಲ ಆಡುಮಾತುಗಳ ನಿಘಂಟಿಗೆ. 1898ರಿಂದ 1905ರೊಳಗೆ ಆರು ಸಂಪುಟ, ಸುಮಾರು 70,000 ಪದ. ಆ ಪದಗಳನ್ನು ಕೂಡಿಹಾಕಲು ಯಾರ್ಕ್‌ಶೈರ್‌ನಲ್ಲಿ 1894ರಲ್ಲಿ ಸೇರಿದ ಸಮಿತಿಯೇ 1897ರಲ್ಲಿ ಯಾರ್ಕ್‌ಶೈರ್ ಡಯಲೆಕ್ಟ್ ಸೊಸೈಟಿ ಆಯಿತು. ಆಕ್ಸ್‌ಫರ್ಡ್‌ನಲ್ಲಿ ರೈಟ್ ಅವರ ಶಿಷ್ಯರಾಗಿದ್ದ ಜೆ.ಆರ್.ಆರ್. ಟೋಲ್ಕಿನ್ ಮುಂದೆ ಲೀಡ್ಸ್‌ಗೆ ಪಾಠ ಹೇಳಲು ಬಂದಾಗ ಈ ಸೊಸೈಟಿ ಸೇರಿದರು. ಹಡರ್ಸ್‌ಫೀಲ್ಡ್ ಆಡುಮಾತಿನ ಪದಕೋಶಕ್ಕೆ 1928ರಲ್ಲಿ ಮುನ್ನುಡಿಯನ್ನೂ ಬರೆದರು.

ನಮ್ಮ ಪಕ್ಕದ ಮನೆಯ ಅಜ್ಜಿ ಗಿರಣಿಯಲ್ಲಿ ಮೆಂಡರ್ ಆಗಿದ್ದವರು. ಮಗ್ಗದಿಂದ ಬಂದ ಬಟ್ಟೆಯಲ್ಲಿ ಎಳೆ ತಪ್ಪಿದ್ದರೆ ಸೂಜಿ ಹಿಡಿದು ಕೂಡಿಸುವ ನುರಿತ ಕೆಲಸ ಅದು. ಅವರ ಬಾಯಲ್ಲಿ ಮಕ್ಕಳು ಆಟ ಆಡುವುದಕ್ಕೆ ‘ಲೇಕ್’. ಗಿರಣಿಯಲ್ಲಿ ಕೆಲಸವಿಲ್ಲದೆ ಮನೆಯಲ್ಲಿ ಕೂತ ದಿನಗಳಿಗೂ ಅದೇ ‘ಲೇಕ್’. ಹಳ್ಳಕ್ಕೆ ‘ಬೆಕ್’. ನನ್ನನ್ನು ಕರೆಯುವುದು ‘ಲವ್’ ಎಂದು. ಇಲ್ಲಿನ ಬಸ್ ಡ್ರೈವರು, ಸಂತೆಯ ವ್ಯಾಪಾರಿ ಎಲ್ಲರೂ ಗುರುತು ಪರಿಚಯ ಇಲ್ಲದವರನ್ನೂ ಹಾಗೆಯೇ ಕರೆಯುತ್ತಾರೆ. ಬಂದ ಹೊಸತರಲ್ಲಿ ನನಗೆ ಧೈರ್ಯ ಕೊಟ್ಟದ್ದೇ ಆ ಕರೆ.

ಪುಡ್ಡಿಂಗ್ ಮಾಡುವುದನ್ನು ಕಲಿಸಿದವರೂ ಈ ಅಜ್ಜಿಯೇ. ಯಾರ್ಕ್‌ಶೈರ್ ಪುಡ್ಡಿಂಗ್ ಸಿಹಿಯಲ್ಲ. ಮೈದಾ, ಮೊಟ್ಟೆ, ಹಾಲು, ಚಿಟಿಕೆ ಉಪ್ಪು ಸೇರಿಸಿ ತೆಳ್ಳಗೆ ಕಲಸಿ ಇಡಬೇಕು. ತಟ್ಟೆಯಲ್ಲಿ ಮಾಂಸದ ಕೊಬ್ಬು ಹೊಗೆಯಾಡುವಷ್ಟು ಕಾದಿರಬೇಕು. ಹಿಟ್ಟು ಸುರಿದ ಕೂಡಲೇ ಚುರ್ರೆನ್ನಬೇಕು, ಇಲ್ಲದಿದ್ದರೆ ಉಬ್ಬುವುದಿಲ್ಲ. ಒಲೆಯ ಬಾಗಿಲನ್ನು ನಡುವೆ ತೆರೆಯುವ ಹಾಗಿಲ್ಲ. ನಾನು ಮಾಂಸ ತಿನ್ನುವವಳಲ್ಲವಾದ್ದರಿಂದ ನನಗೆಂದು ಬೇರೆ ತಟ್ಟೆಯಲ್ಲಿ ಸೂರ್ಯಕಾಂತಿ ಎಣ್ಣೆ ಕಾಯಿಸಿದರು, ಅದರಲ್ಲೂ ಚೆನ್ನಾಗಿಯೇ ಉಬ್ಬಿತು. ಹಿಂದೆ ಬೆಂಕಿಯ ಮುಂದೆ ಸರಳಿಗೆ ಚುಚ್ಚಿದ ಮಾಂಸ ಸುತ್ತುತ್ತಿರುವಾಗ ಅದರ ಕೆಳಗೆ ಈ ಹಿಟ್ಟಿನ ತಟ್ಟೆ ಇಡುತ್ತಿದ್ದರು, ತೊಟ್ಟಿಕ್ಕುವ ಕೊಬ್ಬೆಲ್ಲ ಅದಕ್ಕೇ ಬೀಳುತ್ತಿತ್ತು. 1747ರಲ್ಲಿ ಹ್ಯಾನಾ ಗ್ಲಾಸ್ ತಮ್ಮ ಅಡುಗೆ ಪುಸ್ತಕದಲ್ಲಿ ಇದನ್ನು ಯಾರ್ಕ್‌ಶೈರ್ ಹೆಸರಿನಿಂದಲೇ ಬರೆದಿದ್ದಾರೆ. ಮೊದಲು ಪುಡ್ಡಿಂಗಿಗೆ ಗ್ರೇವಿ ಸುರಿದು ಬಡಿಸಿ, ಮಾಂಸ ಆಮೇಲೆ ಕೊಡುವುದು ಇಲ್ಲಿನ ಹಳೆಯ ಪದ್ಧತಿ. ಹೊಟ್ಟೆ ಅರ್ಧ ತುಂಬಿದ್ದರೆ ಇದ್ದಷ್ಟು ಮಾಂಸ ಮನೆಮಂದಿಗೆಲ್ಲ ಸಾಲುತ್ತದೆ. ಬಡತನದಲ್ಲಿ ಸಂಸಾರ ತೂಗಿಸಿದ ಹೆಂಗಸರ ಜಾಣತನವಿದು.

ಊರೂರಲ್ಲಿ ಬೆಂಕಿ ಹಾಕಿ ಸಂಭ್ರಮಿಸುವ ನವೆಂಬರ್ 5ರ ರಾತ್ರಿಗೆ ಪಾರ್ಕಿನ್ ಮಾಡುತ್ತಾರೆ. ಓಟ್ಸ್, ಕಾಕಂಬಿ, ಶುಂಠಿ ಹಾಕಿದ ಕಪ್ಪು ಕೇಕ್. ಬೆಟ್ಟದ ಚಳಿಗೆ ಗೋಧಿಗಿಂತ ಓಟ್ಸೇ ಚೆನ್ನಾಗಿ ಬೆಳೆಯುವ ಸೀಮೆ ಇದು. ಮಾಡಿದ ದಿನ ತಿನ್ನಬಾರದು, ಡಬ್ಬಿಯಲ್ಲಿ ಮುಚ್ಚಿಟ್ಟು ಕೆಲವು ದಿನ ಕಾದರೆ ಮೆತ್ತಗಾಗುತ್ತದೆ.

ಮಾತು, ಊಟ ಎರಡನ್ನೂ ಕಾಪಾಡಿದ ಒಬ್ಬರಿದ್ದರು, ವೆನ್ಸ್‌ಲಿಡೇಲ್ ಕಣಿವೆಯ ಕಿಟ್ ಕಾಲ್ವರ್ಟ್. ಅವರೂ ಕಲ್ಲುಗಣಿ ಕೂಲಿಯವರ ಮಗ. ಫ್ರಾನ್ಸಿನಿಂದ ಬಂದ ಸಿಸ್ಟರ್ಸಿಯನ್ ಸನ್ಯಾಸಿಗಳು 12ನೇ ಶತಮಾನದಲ್ಲಿ ಆ ಕಣಿವೆಗೆ ತಂದ ಚೀಸ್ ವಿದ್ಯೆ 1930ರ ದಶಕದ ಮುಗ್ಗಟ್ಟಿನಲ್ಲಿ ನೆಲಕಚ್ಚುವುದರಲ್ಲಿತ್ತು. ಹಾಸ್ ಊರಿನ ಡೇರಿ ಮುಚ್ಚುವ ಹಂತಕ್ಕೆ ಬಂದಾಗ, 1935ರಲ್ಲಿ ಕಾಲ್ವರ್ಟ್ ರೈತರ ಸಭೆ ಕರೆದು, ಅವರಿಂದಲೇ ದುಡ್ಡು ಸೇರಿಸಿ ಡೇರಿ ನಡೆಸಿದರು. ಬೈಬಲಿನ ಭಾಗಗಳನ್ನು ಕಣಿವೆಯ ಆಡುಮಾತಿಗೆ ತಂದವರೂ ಅವರೇ. ಅವರು ತೀರಿಕೊಂಡ ಮೇಲೆ, 1992ರಲ್ಲಿ, ಆಗಿನ ಮಾಲೀಕರಾಗಿದ್ದ ದೊಡ್ಡ ಕಂಪನಿ ಡೇರಿ ಮುಚ್ಚಿ ತಯಾರಿಕೆಯನ್ನು ಲ್ಯಾಂಕಶೈರ್‌ಗೆ ಸಾಗಿಸಿತು. 59 ಮಂದಿಯ ಕೆಲಸ ಹೋಯಿತು. ಹಳೆಯ ಮ್ಯಾನೇಜರುಗಳು ಕೂಡಿ ಡೇರಿಯನ್ನು ಕೊಂಡು ಅದೇ ವರ್ಷ ಮತ್ತೆ ತೆರೆದರು. ಈಗ ‘ಯಾರ್ಕ್‌ಶೈರ್ ವೆನ್ಸ್‌ಲಿಡೇಲ್’ ಹೆಸರಿಗೆ ಕಾನೂನಿನ ರಕ್ಷಣೆ ಇದೆ, ಆ ಕಣಿವೆಯಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಹಣ್ಣಿನ ಕೇಕಿನ ಜೊತೆ ಈ ಚೀಸ್ ತಿನ್ನುವುದು ಇಲ್ಲಿನ ಕ್ರಿಸ್‌ಮಸ್ ರೂಢಿ.

ಈ ಅಭಿಮಾನ ಬಾಗಿಲು ಮುಚ್ಚಿದ್ದೂ ಉಂಟು. ಯಾರ್ಕ್‌ಶೈರ್ ಕ್ರಿಕೆಟ್ ತಂಡದಲ್ಲಿ ಈ ನೆಲದಲ್ಲಿ ಹುಟ್ಟಿದವರಷ್ಟೇ ಆಡಬೇಕೆಂಬ ಕಟ್ಟಳೆ ದಶಕಗಟ್ಟಲೆ ಇತ್ತು. 1992ರಲ್ಲಿ ಅದು ಸಡಿಲವಾದಾಗ ತಂಡಕ್ಕೆ ಬಂದ ಮೊದಲ ಹೊರದೇಶದ ಆಟಗಾರ ನಮ್ಮ ಸಚಿನ್ ತೆಂಡೂಲ್ಕರ್, ಆಗ ಅವರಿಗೆ 19 ವರ್ಷ. ಹುಟ್ಟನ್ನೇ ಹಿಡಿದು ಕೂತ ಅಭಿಮಾನವನ್ನು ನಾನು ಒಪ್ಪುವುದಿಲ್ಲ. ಪದ ಕೂಡಿಸಿದವರ, ಡೇರಿ ಉಳಿಸಿದವರ ಅಭಿಮಾನದಲ್ಲಿ ನನ್ನಂಥವರಿಗೂ ಜಾಗವಿದೆ. ಯಾರ್ಕ್‌ಶೈರ್ ಡಯಲೆಕ್ಟ್ ಸೊಸೈಟಿ ಇಂದಿಗೂ ನಡೆಯುತ್ತಿದೆ. ಸದಸ್ಯರಾಗಲು ಇಲ್ಲಿ ಹುಟ್ಟಿರಬೇಕೆಂಬ ನಿಯಮ ಅಲ್ಲಿಲ್ಲ, ನಾನೂ ಸದಸ್ಯೆ.