ಹವ್ಯಾಸಿಗಳ ಕೈಗೆ ಬಂದ ಪೆನ್ಸಿಲ್: ನೆರಳು ಬೆಳಕಿನ ಕಲಿಕೆಯ ಚರಿತ್ರೆ

ಚಿತ್ರಕಲೆಯನ್ನು ಜೀವನೋಪಾಯಕ್ಕಾಗಿ ಅಲ್ಲದೆ ಸಂತೋಷಕ್ಕಾಗಿ ಅಭ್ಯಾಸ ಮಾಡುವವರು ಇಂದು ಎಲ್ಲಿ ಕಲಿಯಲು ತೊಡಗಿದರೂ ಅವರಿಗೆ ದೊರೆಯುವ ಮೊದಲ ಪಾಠಗಳು ಬಹುಮಟ್ಟಿಗೆ ಒಂದೇ ಬಗೆಯವು. ಒಂದು ಚೌಕವನ್ನು ಒಂದೇ ಸಮನಾದ ಬೂದು ಛಾಯೆಯಿಂದ ತುಂಬುವುದು, ಒಂದು ಪಟ್ಟಿಯನ್ನು ಕಡುಗಪ್ಪಿನಿಂದ ಕಾಗದದ ಬಿಳುಪಿನವರೆಗೆ ನಡುವೆ ಎಲ್ಲಿಯೂ ಒಡಕು ಕಾಣದಂತೆ ತಿಳಿಗೊಳಿಸುತ್ತ ಹೋಗುವುದು, ಆಮೇಲೆ ಒಂದು ಪಕ್ಕದಿಂದ ಬೆಳಕು ಬಿದ್ದ ದುಂಡನೆಯ ವಸ್ತುವನ್ನು ಅದರ ನೆರಳಿನೊಡನೆ ಬರೆಯುವುದು. ಈ ಪಾಠಕ್ರಮವು ಚಿತ್ರಕಲೆಯಷ್ಟು ಪ್ರಾಚೀನವಾದುದಲ್ಲ. ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ, ಮುಖ್ಯವಾಗಿ ಇಂಗ್ಲೆಂಡಿನಲ್ಲಿ, ಅದು ಈಗಿನ ರೂಪವನ್ನು ಪಡೆಯಿತು. ಅದು ರೂಪುಗೊಂಡ ಕಾಲದುದ್ದಕ್ಕೂ ಹವ್ಯಾಸಿಗೆ ಕಲಿಸಬೇಕಾದುದು ಕೈಚಳಕವೋ ನೋಟವೋ ಎಂಬ ವಿವಾದ ನಡೆದೇ ಇತ್ತು.

ಪೆನ್ಸಿಲಿನ ಕಪ್ಪು ಗ್ರಾಫೈಟ್ ಎಂಬ ಖನಿಜದಿಂದ ಬರುತ್ತದೆ. ಇದು ಇಂಗಾಲದ ಒಂದು ರೂಪ. ಇದರ ಕಣಗಳು ತೆಳುವಾದ ಪದರಗಳಾಗಿದ್ದು ಒಂದರ ಮೇಲೊಂದು ಸುಲಭವಾಗಿ ಜಾರುವುದರಿಂದ, ಕಾಗದದ ಮೇಲೆ ಎಳೆದಾಗ ಅವು ಕಳಚಿಕೊಂಡು ಕಾಗದದ ನಾರುಗಳ ತರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿರುವ ಕಂಬರ್‌ಲ್ಯಾಂಡಿನ ಬಾರೊಡೇಲ್ ಕಣಿವೆಯಲ್ಲಿ, ಸೀತ್‌ವೇಟ್ ಎಂಬ ಹಳ್ಳಿಯ ಮೇಲಿನ ಬೆಟ್ಟದಲ್ಲಿ, ಹದಿನಾರನೆಯ ಶತಮಾನದಲ್ಲಿ ಇದರ ಬಹು ಶುದ್ಧವಾದ ನಿಕ್ಷೇಪ ಪತ್ತೆಯಾಯಿತು. ಕುರಿಗಾಹಿಗಳು ತಮ್ಮ ಕುರಿಗಳಿಗೆ ಗುರುತು ಹಾಕಲು ಇದನ್ನು ಬಳಸುತ್ತಿದ್ದರೆಂದು ಅಲ್ಲಿನ ಐತಿಹ್ಯ ಹೇಳುತ್ತದೆ. 1565ರಲ್ಲಿಯೇ ಸ್ವಿಟ್ಜರ್‌ಲೆಂಡಿನ ವಿದ್ವಾಂಸ ಕಾನ್ರಾಡ್ ಗೆಸ್ನರ್ ಮರದ ಹಿಡಿಕೆಯೊಳಗೆ ಈ ಖನಿಜದ ತುಂಡನ್ನು ಸಿಕ್ಕಿಸಿದ ಬರೆಯುವ ಸಾಧನವೊಂದನ್ನು ಚಿತ್ರಸಹಿತವಾಗಿ ವರ್ಣಿಸಿದ್ದಾನೆ. ಅದನ್ನು ಬಹುಕಾಲ ಸೀಸದ ಒಂದು ಬಗೆಯೆಂದೇ ನಂಬಲಾಗಿತ್ತು. ಅದು ಇಂಗಾಲವೆಂಬುದನ್ನು ಷೀಲೆ ಎಂಬ ರಸಾಯನಶಾಸ್ತ್ರಜ್ಞ ತೋರಿಸಿಕೊಟ್ಟದ್ದು 1779ರಲ್ಲಿ.

ಬಾರೊಡೇಲಿನ ಗ್ರಾಫೈಟು ಗಟ್ಟಿಯಾಗಿ ಸಿಗುತ್ತಿದ್ದುದರಿಂದ ಅದನ್ನು ಗರಗಸದಿಂದ ಸೀಳಿ ಕಡ್ಡಿಗಳಾಗಿ ಮಾಡಿ ಮರದ ನಡುವೆ ಕೂರಿಸಬಹುದಾಗಿತ್ತು. ಫಿರಂಗಿಯ ಗುಂಡುಗಳನ್ನು ಎರಕ ಹೊಯ್ಯುವ ಅಚ್ಚುಗಳ ಒಳಮೈಗೆ ಬಳಿಯಲು ಸಹ ಅದು ಬೇಕಾಗಿದ್ದುದರಿಂದ ಬೆಲೆ ಬಹಳ ಏರಿತು. ಆಗಾಗ ಗಣಿಯನ್ನು ಮುಚ್ಚಿಟ್ಟು ಬೇಡಿಕೆ ನೋಡಿಕೊಂಡು ತೆರೆಯುತ್ತಿದ್ದರು. ಕಳ್ಳತನವನ್ನು ತಡೆಯಲು 1752ರಲ್ಲಿ ಬ್ರಿಟಿಷ್ ಸಂಸತ್ತು ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಇಷ್ಟು ಬೆಲೆಬಾಳುವ ವಸ್ತು ಹವ್ಯಾಸಿಗಳ ಪೆಟ್ಟಿಗೆಗೆ ಬಂದಿತೆಂದರೆ ಅದಕ್ಕೆ ಅಂದಿನ ಸಾಮಾಜಿಕ ಸ್ಥಿತಿಯೇ ಕಾರಣ. ಉಳ್ಳವರ ಮನೆಗಳಲ್ಲಿ ಸಂಗೀತ, ನೃತ್ಯ, ಫ್ರೆಂಚ್ ಭಾಷೆಗಳ ಜೊತೆಗೆ ಚಿತ್ರ ಬರೆಯುವುದೂ ಹೆಣ್ಣುಮಕ್ಕಳ ಶಿಕ್ಷಣದ ಅಂಗವಾಗಿತ್ತು, ಗಂಡಸರಿಗೆ ಅದು ಸೈನ್ಯದಲ್ಲಿಯೂ ಪ್ರವಾಸದಲ್ಲಿಯೂ ಉಪಯೋಗಕ್ಕೆ ಬರುತ್ತಿತ್ತು. ಇವರಿಗೆ ಮನೆಮನೆಗೆ ಹೋಗಿ ಕಲಿಸುವ ಚಿತ್ರಕಲಾ ಉಪಾಧ್ಯಾಯರ ವೃತ್ತಿಯೊಂದು ಹುಟ್ಟಿಕೊಂಡಿತು. ಜೇನ್ ಆಸ್ಟೆನ್ ತನ್ನ ‘ಎಮ್ಮಾ’ ಕಾದಂಬರಿಯಲ್ಲಿ ನಾಯಕಿಯ ಅರ್ಧಂಬರ್ಧ ಬರೆದಿಟ್ಟ ಭಾವಚಿತ್ರಗಳ ಕಟ್ಟನ್ನು ವರ್ಣಿಸಿರುವುದು ಈ ಕಲಿಕೆಯ ವ್ಯಾಪ್ತಿಗೂ ಅದರ ಅಸ್ಥಿರತೆಗೂ ಒಳ್ಳೆಯ ಸಾಕ್ಷ್ಯ.

ಪೆನ್ಸಿಲನ್ನು ಹವ್ಯಾಸಿಗಳಿಗೆ ಪ್ರಿಯವಾಗಿಸಿದ ಗುಣಗಳಲ್ಲಿ ಅಳಿಸಲು ಬರುವುದೂ ಒಂದು. ಹಿಂದಿನ ಕಾಲದಲ್ಲಿ ಗೆರೆಗಳನ್ನು ಒರಸಲು ಬ್ರೆಡ್ಡಿನ ತಿರುಳನ್ನು ಉಪಯೋಗಿಸುತ್ತಿದ್ದರು. ಜೋಸೆಫ್ ಪ್ರೀಸ್ಟ್ಲಿ 1770ರಲ್ಲಿ ಪ್ರಕಟಿಸಿದ, ದೂರ ಸಾಮೀಪ್ಯಗಳನ್ನು ರೇಖೆಗಳಲ್ಲಿ ತೋರಿಸುವ ಯಥಾದರ್ಶನ ಶಾಸ್ತ್ರದ ಪ್ರವೇಶ ಗ್ರಂಥದಲ್ಲಿ, ಪೆನ್ಸಿಲಿನ ಗುರುತುಗಳನ್ನು ಒರಸಲು ತಕ್ಕ ಹೊಸ ವಸ್ತುವೊಂದು ಲಂಡನ್ನಿನಲ್ಲಿ ಮಾರಾಟಕ್ಕಿದೆಯೆಂದು ತಿಳಿಸಿದ್ದಾನೆ. ಆ ವಸ್ತು ರಬ್ಬರು, ಅದರ ಅರ್ಧ ಅಂಗುಲದ ಘನಕ್ಕೆ ಬೆಲೆ ಮೂರು ಷಿಲಿಂಗ್. ಆಮ್ಲಜನಕದ ಸಂಶೋಧನೆಯಿಂದ ಹೆಸರಾದ ವಿಜ್ಞಾನಿಯೊಬ್ಬ ಚಿತ್ರ ಕಲಿಯುವವರಿಗಾಗಿ ಪುಸ್ತಕ ಬರೆದನೆಂಬುದೇ ಆ ಕಾಲದಲ್ಲಿ ಈ ಕಲಿಕೆಗೆ ಇದ್ದ ಗೌರವವನ್ನು ಸೂಚಿಸುತ್ತದೆ.

ಪ್ರವಾಸಿ ಹವ್ಯಾಸಿಗಳಿಗೆ ಮಾರ್ಗದರ್ಶಕನಾದವನು ವಿಲಿಯಂ ಗಿಲ್ಪಿನ್ ಎಂಬ ಪಾದ್ರಿ. ವೈ ನದಿಯ ತೀರದ ಪ್ರಯಾಣವನ್ನು ಕುರಿತ ಅವನ ಪುಸ್ತಕ 1782ರಲ್ಲಿಯೂ, ಭೂದೃಶ್ಯ ರಚನೆಯ ವಿವೇಚನೆಯನ್ನು ಒಳಗೊಂಡ ಮೂರು ಪ್ರಬಂಧಗಳು 1792ರಲ್ಲಿಯೂ ಪ್ರಕಟವಾದುವು. ಕಂಡ ಸ್ಥಳದಲ್ಲಿ ಪೆನ್ಸಿಲಿನಿಂದ ಬೇಗ ಗುರುತು ಮಾಡಿಕೊಂಡು, ಆಮೇಲೆ ಮಸಿಯನ್ನು ನೀರಿನಲ್ಲಿ ತೆಳುಮಾಡಿ ನೆರಳುಗಳನ್ನು ತುಂಬಬೇಕೆಂಬುದು ಅವನ ಕ್ರಮ. ಚಿತ್ರ ಚೆನ್ನಾಗಿ ಕೂಡಿಬರುವುದಕ್ಕಾಗಿ ಮರವನ್ನೋ ಬಂಡೆಯನ್ನೋ ಸ್ಥಳಾಂತರಿಸುವ ಸ್ವಾತಂತ್ರ್ಯವನ್ನೂ ಅವನು ಕೊಟ್ಟಿದ್ದನು. ಸೈನಿಕ ಹವ್ಯಾಸಿಗಳಿಗೆ ಇಂಥ ಸ್ವಾತಂತ್ರ್ಯ ಇರಲಿಲ್ಲ. ವುಲಿಚ್‌ನ ಸೈನಿಕ ಅಕಾಡೆಮಿಯಲ್ಲಿ ಪಾಲ್ ಸ್ಯಾಂಡ್‌ಬಿ ಎಂಬ ಹೆಸರಾಂತ ಭೂದೃಶ್ಯ ಚಿತ್ರಕಾರ 1768ರಿಂದ 1796ರವರೆಗೆ ಮುಖ್ಯ ಚಿತ್ರಕಲಾ ಉಪಾಧ್ಯಾಯನಾಗಿದ್ದನು. ಕೋಟೆಯ ಎತ್ತರ, ಬೆಟ್ಟದ ಇಳುಕಲು, ನದಿ ದಾಟುವ ಸ್ಥಳಗಳನ್ನು ಇದ್ದಂತೆಯೇ ಬರೆಯಬಲ್ಲ ಅಧಿಕಾರಿ ಸೈನ್ಯಕ್ಕೆ ಬೇಕಾಗಿದ್ದನು. ಕನ್ನಡನಾಡಿಗೂ ಈ ಅಭ್ಯಾಸಕ್ಕೂ ಮೊದಲ ಸಂಬಂಧ ಏರ್ಪಟ್ಟದ್ದು ಈ ದಾರಿಯಲ್ಲಿ. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಇಲ್ಲಿಗೆ ಬಂದ ರಾಬರ್ಟ್ ಕೋಲ್‌ಬ್ರೂಕ್, ಅಲೆಗ್ಸಾಂಡರ್ ಅಲನ್ ಮೊದಲಾದ ಸೇನಾಧಿಕಾರಿಗಳು ಬರೆದುಕೊಂಡ ಮೈಸೂರು ಸೀಮೆಯ ದೃಶ್ಯಗಳು 1793–94ರ ಹೊತ್ತಿಗೆ ಲಂಡನ್ನಿನಲ್ಲಿ ಮುದ್ರಿತ ಚಿತ್ರಗಳಾಗಿ ಹೊರಬಂದುವು. ದಾಳಿಗೆ ಬಂದವರ ಕಣ್ಣಿನಿಂದ ಬರೆದವುಗಳೆಂಬುದನ್ನು ಮರೆಯದೆ ನೋಡಿದರೆ, ಅಂದಿನ ಬೆಂಗಳೂರು ಶ್ರೀರಂಗಪಟ್ಟಣಗಳ ರೂಪವನ್ನು ತಿಳಿಯಲು ಅವು ಇಂದಿಗೂ ಅಮೂಲ್ಯವಾದ ಆಧಾರಗಳು.

ಇಷ್ಟಾದರೂ ಛಾಯೆಯ ಕೆಲಸ ಪೂರ್ತಿಯಾಗಿ ಪೆನ್ಸಿಲಿಗೆ ಇನ್ನೂ ಬಂದಿರಲಿಲ್ಲ. ಗಣಿಯಿಂದ ತೆಗೆದ ಗ್ರಾಫೈಟಿನ ಗಡಸುತನವನ್ನು ತಯಾರಕನು ತನಗೆ ಬೇಕಾದಂತೆ ಬದಲಿಸಲಾಗುತ್ತಿರಲಿಲ್ಲ, ಪ್ರಕೃತಿ ಕೊಟ್ಟದ್ದನ್ನು ಆರಿಸಿಕೊಳ್ಳಬೇಕಾಗಿತ್ತು. 1793ರಲ್ಲಿ ಫ್ರಾನ್ಸಿಗೂ ಬ್ರಿಟನ್ನಿಗೂ ಯುದ್ಧ ಆರಂಭವಾಗಿ ಬಾರೊಡೇಲಿನ ಸರಕು ಫ್ರಾನ್ಸಿಗೆ ದೊರೆಯದಂತಾದಾಗ, ನಿಕೊಲಾ ಜಾಕ್ ಕೋಂತೆ ಎಂಬಾತ ಕೀಳುದರ್ಜೆಯ ಗ್ರಾಫೈಟನ್ನು ಪುಡಿಮಾಡಿ ಜೇಡಿಮಣ್ಣಿನೊಡನೆ ಕಲಸಿ, ಕಡ್ಡಿಗಳಾಗಿ ಹೊಸೆದು ಕುಲುಮೆಯಲ್ಲಿ ಸುಡುವ ವಿಧಾನವನ್ನು ಕಂಡುಹಿಡಿದು 1795ರಲ್ಲಿ ಪೇಟೆಂಟ್ ಪಡೆದನು. ಮಣ್ಣು ಹೆಚ್ಚಿದರೆ ಕಡ್ಡಿ ಗಡುಸಾಗಿ ಗೆರೆ ತಿಳಿಯಾಗುತ್ತದೆ, ಕಡಿಮೆಯಾದರೆ ಕಡ್ಡಿ ಮೆತುವಾಗಿ ಗೆರೆ ಕಪ್ಪಾಗುತ್ತದೆ. ಕೊರತೆಯನ್ನು ನೀಗಿಸಲು ಹುಡುಕಿದ ಈ ಉಪಾಯದಿಂದ ಚಿತ್ರ ಬರೆಯುವವರಿಗೆ ದೊರೆತ ಲಾಭ ನಿರೀಕ್ಷೆಗೆ ಮೀರಿದ್ದು, ಏಕೆಂದರೆ ಗಡಸುತನವನ್ನು ಸೂಚಿಸುವ ಎಚ್ ಮತ್ತು ಕಪ್ಪನ್ನು ಸೂಚಿಸುವ ಬಿ ಎಂಬ ಅಕ್ಷರಗಳಿಂದ ಗುರುತಿಸುವ ಪೆನ್ಸಿಲುಗಳ ಸಾಲು ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ಬಂದು, ಕುಂಚವನ್ನು ಮುಟ್ಟದೆಯೇ ಆಕಾಶದ ತೆಳುಬೂದಿನಿಂದ ಮರದ ಪೊಟರೆಯ ಕತ್ತಲೆಯವರೆಗೆ ಹೋಗಲು ಸಾಧ್ಯವಾಯಿತು.

ಸಾಧನ ಸಿದ್ಧವಾದ ಮೇಲೆ ವಿಧಾನದ ಪ್ರಶ್ನೆ ಎದುರಾಯಿತು. ಲಂಡನ್ನಿನ ಜೇಮ್ಸ್ ಡಫೀಲ್ಡ್ ಹಾರ್ಡಿಂಗ್ ಸೀಸದ ಪೆನ್ಸಿಲಿನ ಬಳಕೆಯನ್ನೇ ವಿಷಯವಾಗಿಸಿಕೊಂಡು 1834ರಲ್ಲಿ ಒಂದು ಪುಸ್ತಕವನ್ನೂ, ಮರಗಳ ರಚನೆಯನ್ನು ಕುರಿತು 1850ರಲ್ಲಿ ಮತ್ತೊಂದನ್ನೂ ಪ್ರಕಟಿಸಿದನು. ಕಲ್ಲಚ್ಚಿನಲ್ಲಿ ಮುದ್ರಿಸಿದ ಅವನ ಮಾದರಿಗಳನ್ನು ನೋಡಿ ವಿದ್ಯಾರ್ಥಿ ಓಕ್ ಮರದ ಎಲೆಗೊಂದು ಬಗೆಯ, ಎಲ್ಮ್ ಮರದ ಎಲೆಗೊಂದು ಬಗೆಯ ಕೈ ಓಟವನ್ನು ರೂಢಿಸಿಕೊಳ್ಳಬಹುದಾಗಿತ್ತು. ಇಂಥ ಮಾದರಿಗಳಿಂದ ಬೇಗ ಫಲ ದೊರೆಯುತ್ತದೆ, ಕಲಿಯುವವರ ಉತ್ಸಾಹವೂ ಉಳಿಯುತ್ತದೆ. ಆದರೆ ಹೀಗೆ ಕಲಿತವನು ತನ್ನ ಮುಂದಿನ ಮರವನ್ನು ನೋಡುವ ಬದಲು ಗುರುವಿನ ಮರವನ್ನೇ ಬರೆಯುತ್ತಾನೆ.

ಈ ದೋಷವನ್ನು ಗುರುತಿಸಿ ಎದುರಿಸಿದವನು ಹಾರ್ಡಿಂಗನ ಬಳಿಯೇ ಕಲಿತಿದ್ದ ಜಾನ್ ರಸ್ಕಿನ್. 1854ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಕಾರ್ಮಿಕರ ಕಾಲೇಜಿನಲ್ಲಿ ಅವನು ಸಂಜೆಯ ಹೊತ್ತು ಬಡಗಿ, ಕೆತ್ತನೆಗಾರ, ಗುಮಾಸ್ತರಿಗೆ ಸಂಬಳವಿಲ್ಲದೆ ಪಾಠ ಹೇಳಿದನು. ಆ ಅನುಭವದ ಬೆಂಬಲದಿಂದ 1857ರಲ್ಲಿ, ಆರಂಭಿಕರಿಗೆ ಬರೆದ ಮೂರು ಪತ್ರಗಳ ರೂಪದಲ್ಲಿ, ಚಿತ್ರಕಲೆಯ ಮೂಲಪಾಠಗಳನ್ನು ಕುರಿತ ಪುಸ್ತಕವನ್ನು ಹೊರತಂದನು. ಅದರ ಮೊದಲ ಅಭ್ಯಾಸದಲ್ಲಿ ವಿದ್ಯಾರ್ಥಿ ಯಾವ ವಸ್ತುವನ್ನೂ ಬರೆಯುವುದಿಲ್ಲ. ಲೇಖನಿಯಿಂದ ಸಣ್ಣ ಗೆರೆಗಳನ್ನು ಅಡ್ಡಡ್ಡಲಾಗಿ ಹೆಣೆದು ಒಂದು ಚೌಕವನ್ನು ಎಲ್ಲಿಯೂ ಕಲೆ ಏಳದಂತೆ ತುಂಬಬೇಕು. ನಂತರ ಕಪ್ಪಿನಿಂದ ಬಿಳುಪಿಗೆ ಇಳಿಯುವ ಪಟ್ಟಿ ಬರುತ್ತದೆ, ಅದಾದ ಮೇಲೆ ಇವುಗಳನ್ನೇ ಪೆನ್ಸಿಲಿನಲ್ಲಿ ಮಾಡಬೇಕು. ಮುಂದಿನ ಒಂದು ಅಭ್ಯಾಸದಲ್ಲಿ ದಾರಿಯಲ್ಲಿ ಸಿಕ್ಕಿದ, ತೀರ ಬೆಳ್ಳಗೂ ತೀರ ಕಪ್ಪಗೂ ಇಲ್ಲದ ದುಂಡುಕಲ್ಲನ್ನು ಕಿಟಕಿಯ ಬಳಿ ಇಟ್ಟುಕೊಂಡು ಬರೆಯಬೇಕು. ಪ್ರಪಂಚದಲ್ಲಿ ಕಣ್ಣಿಗೆ ಕಾಣುವುದು ಹೊರರೇಖೆಗಳಲ್ಲ, ಬೇರೆ ಬೇರೆ ಬಣ್ಣ ಮತ್ತು ಛಾಯೆಯ ತುಣುಕುಗಳು ಮಾತ್ರ ಎಂಬುದು ರಸ್ಕಿನ್ನನ ತಿಳಿವು. ಕಲ್ಲು ದುಂಡಗಿದೆಯೆಂದು ಮನಸ್ಸಿಗೆ ಮೊದಲೇ ತಿಳಿದಿರುವುದರಿಂದ ಕಣ್ಣು ಆ ತುಣುಕುಗಳನ್ನು ಅಲಕ್ಷಿಸುತ್ತದೆ. ಪಕ್ಕದ ಕಾಗದದಿಂದ ಮರುಬೆಳಕು ಬಿದ್ದು ಕಲ್ಲಿನ ನೆರಳುಭಾಗದ ಅಂಚು ಕೊಂಚ ತಿಳಿಯಾಗುವುದನ್ನು ಅದನ್ನು ಬರೆಯಹೊರಟವನು ಮಾತ್ರ ಗಮನಿಸುತ್ತಾನೆ. ಕಾರ್ಮಿಕರನ್ನು ಚಿತ್ರಕಾರರನ್ನಾಗಿ ಮಾಡುವುದು ತನ್ನ ಉದ್ದೇಶವಲ್ಲವೆಂದು ಅವನು ಸ್ಪಷ್ಟವಾಗಿಯೇ ಹೇಳಿದ್ದನು. ಹವ್ಯಾಸವನ್ನು ವೃತ್ತಿಯ ಕೀಳು ನಕಲಾಗಿ ನೋಡದೆ, ಸ್ವಂತ ಘನತೆಯುಳ್ಳ ಒಂದು ಜ್ಞಾನಮಾರ್ಗವೆಂದು ಪರಿಗಣಿಸಿದ ಈ ನಿಲುವೇ ರಸ್ಕಿನ್ನನ ನಿಜವಾದ ಕೊಡುಗೆ.

ಸರ್ಕಾರದ ನೀತಿ ಬೇರೆಯಾಗಿತ್ತು. ಹೆನ್ರಿ ಕೋಲ್ ಮತ್ತು ರಿಚರ್ಡ್ ರೆಡ್‌ಗ್ರೇವ್ 1852ರ ನಂತರ ರೂಪಿಸಿದ, ಸೌತ್ ಕೆನ್ಸಿಂಗ್ಟನ್ ಪದ್ಧತಿಯೆಂದು ಹೆಸರಾದ ಪಾಠಕ್ರಮದಲ್ಲಿ 23 ಹಂತಗಳಿದ್ದುವು. ಕೈಗಾರಿಕೆಗೆ ಬೇಕಾದ ನಕ್ಷೆಗಾರರನ್ನು ತಯಾರಿಸುವುದು ಅದರ ಗುರಿ. ಸುಣ್ಣಗಾರೆಯ ಒಂದು ಅಚ್ಚುಪ್ರತಿಮೆಯ ಛಾಯೆಯನ್ನು ಚುಕ್ಕಿಚುಕ್ಕಿಯಾಗಿ ತುಂಬಲು ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಕಳೆಯುತ್ತಿದ್ದರು. 1857ರಲ್ಲಿ ಪಾಠಗಳನ್ನು ಆರಂಭಿಸಿದ ಮುಂಬಯಿಯ ಸರ್ ಜೆ.ಜೆ. ಕಲಾಶಾಲೆ ಮುಂದೆ ಅನುಸರಿಸಿದ್ದು ಬಹುಮಟ್ಟಿಗೆ ಈ ಪದ್ಧತಿಯನ್ನೇ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳ ಶಾಲೆಗಳಿಗೆ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಡ್ರಾಯಿಂಗ್ ಪರೀಕ್ಷೆಗಳು ತಲುಪಿದ್ದು ಆ ಶಾಲೆಯ ಪರಂಪರೆಯಿಂದಲೇ. ಜೆ.ಜೆ. ಶಾಲೆಯಲ್ಲಿ ಕಲಿತ ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿಯೂ, ಟಿ.ಪಿ. ಅಕ್ಕಿಯವರು ಗದಗಿನಲ್ಲಿಯೂ ಕಲಾಶಾಲೆಗಳನ್ನು ಕಟ್ಟಿ ಬೆಳೆಸಿದ ಮೇಲೆ, ಮುಂಬಯಿಗೆ ಹೋಗಲು ಅನುಕೂಲವಿಲ್ಲದ ಆ ಭಾಗದ ಯುವಕರಿಗೆ ಪ್ರತಿಮೆ, ಹೂಜಿ, ಹಣ್ಣುಗಳನ್ನು ಎದುರಿಗಿಟ್ಟುಕೊಂಡು ನೆರಳು ಬೆಳಕನ್ನು ಅಭ್ಯಾಸ ಮಾಡುವ ಅವಕಾಶ ತಮ್ಮ ಊರಿನ ಸಮೀಪದಲ್ಲಿಯೇ ದೊರೆಯಿತು. ಅವರಲ್ಲಿ ಅನೇಕರು ಡ್ರಾಯಿಂಗ್ ಮಾಸ್ತರರಾಗಿ ಪ್ರೌಢಶಾಲೆಗಳನ್ನು ಸೇರಿ, ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಿಂದ ಚೆಂಡಿನ ನೆರಳನ್ನು ಬರೆದು ತೋರಿಸುತ್ತ ಮುಂದಿನ ತಲೆಮಾರಿನ ಹವ್ಯಾಸಿಗಳಿಗೆ ಈ ವಿದ್ಯೆಯನ್ನು ದಾಟಿಸಿದರು.