ಎರಡು ಪಂಚಾಂಗ, ಎರಡು ಸಂಕ್ರಾಂತಿ

ವಿಲೆ ಪಾರ್ಲೆಯ ನಮ್ಮ ಕಟ್ಟಡದಲ್ಲಿ ಸಂಕ್ರಾಂತಿ ಎರಡು ಸಲ ಬರುತ್ತದೆ. ರತ್ನಾಗಿರಿ ಕಡೆಯ ನೆರೆಯವರು ಟಿಳಕ ಪಂಚಾಂಗ ನೋಡಿ ಜನವರಿ 10ರ ಸುಮಾರಿಗೇ ತಿಳಗುಳ ಹಂಚುತ್ತಾರೆ. ನಾವು ಎಳ್ಳು ಬೀರುವುದು 14 ಇಲ್ಲವೇ 15ಕ್ಕೆ. ಇರುವವನು ಒಬ್ಬನೇ ಸೂರ್ಯ, ಹಾಗಾದರೆ ಈ ನಾಲ್ಕು ದಿನಗಳ ಅಂತರ ಏಕೆ?

ಸಂಕ್ರಾಂತಿಯಿಂದ ಬಿಸಿಲು ಏರುತ್ತದೆ, ಸೂರ್ಯ ಹತ್ತಿರ ಬರುತ್ತಾನೆ ಎಂದು ಹೇಳುವವರಿದ್ದಾರೆ. ಆದರೆ ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿ ಮೊದಲ ವಾರದ ಚಳಿಯಲ್ಲೇ, ಸುಮಾರು 14.7 ಕೋಟಿ ಕಿ.ಮೀ. ದೂರದಲ್ಲಿ. ಜುಲೈಯಲ್ಲಿ ಆ ದೂರ 15.2 ಕೋಟಿ ಕಿ.ಮೀ. ಋತುಗಳನ್ನು ತರುವುದು ಭೂಮಿಯ ಅಕ್ಷದ 23.4 ಡಿಗ್ರಿ ವಾಲಿಕೆ. ಅದರ ಪರಿಣಾಮವನ್ನು ಜುಹು ಕಡಲತೀರದಲ್ಲೇ ನೋಡಬಹುದು. ಡಿಸೆಂಬರಿನಲ್ಲಿ ಸೂರ್ಯ ನೇರ ಪಶ್ಚಿಮಕ್ಕಿಂತ ಸುಮಾರು 25 ಡಿಗ್ರಿ ಎಡಕ್ಕೆ ಮುಳುಗುತ್ತಾನೆ, ಜೂನಿನಲ್ಲಿ ಅಷ್ಟೇ ಬಲಕ್ಕೆ. ಎಡದ ಕೊನೆ ಮುಟ್ಟಿ ಅವನು ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ಆಕಾಶದ ಉತ್ತರಾಯಣ ಅಂದೇ ಶುರು.

ನಮ್ಮ ಸಂಕ್ರಾಂತಿಯ ಲೆಕ್ಕ ಮಾತ್ರ ನಕ್ಷತ್ರಗಳದ್ದು. ವಾಲಿದ ಅಕ್ಷ ಬುಗುರಿಯ ಹಾಗೆ ಸುಮಾರು 25,800 ವರ್ಷಕ್ಕೊಂದು ಸುತ್ತು ತೂಗುತ್ತದೆ. ಇದರಿಂದ ಋತುಗಳಿಗೂ ನಕ್ಷತ್ರಗಳಿಗೂ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಅಂತರ ಬೀಳುತ್ತದೆ. ಆ ಅಂತರ ಎಂದಿನಿಂದ ಶುರುವಾಯಿತು, ರಾಶಿಚಕ್ರದ ಸೊನ್ನೆ ಎಲ್ಲಿದೆ ಎಂಬುದೇ ಪಂಚಾಂಗಗಳ ಜಗಳ.

ಟಿಳಕ ಪಂಚಾಂಗ ಸೊನ್ನೆಯನ್ನು ರೇವತಿ ನಕ್ಷತ್ರದ ಬಳಿ ಇಟ್ಟಿತು. ಚಿತ್ರಾ ನಕ್ಷತ್ರದ ನೇರ ಎದುರಿನ ಬಿಂದುವೇ ಸೊನ್ನೆ ಎಂದು ವಾದಿಸಿದವರಲ್ಲಿ ಪ್ರಮುಖರು ವೆಂಕಟೇಶ ಬಾಪೂಜಿ ಕೇತಕರ. ಮರಾಠಿ ಮನೆಮಾತಿನ ಇವರು ಹುಟ್ಟಿದ್ದು 1854ರಲ್ಲಿ, ನಮ್ಮ ನರಗುಂದದಲ್ಲಿ. ಬಾಗಲಕೋಟೆಯಲ್ಲಿ ಮಾಸ್ತರಿಕೆ ಮಾಡುತ್ತ ಗ್ರಹಗಣಿತ ಬರೆದರು. 1911ರಲ್ಲಿ ನೆಪ್ಚೂನಿನಾಚೆಗೂ ಗ್ರಹವಿರಬೇಕೆಂದು ಲೆಕ್ಕ ಹಾಕಿ ಫ್ರಾನ್ಸಿನ ಪತ್ರಿಕೆಗೆ ಕಳಿಸಿದವರೂ ಇವರೇ. ಮುಂದೆ ಮೇಘನಾದ ಸಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರ ವರದಿಯಲ್ಲಿ ಧಾರ್ಮಿಕ ಲೆಕ್ಕಗಳಿಗೆ ಚಿತ್ರಾ ಪಕ್ಷವನ್ನೇ ಒಪ್ಪಿತು. ಅದರಂತೆ ಅಂತರ ಈಗ ಸುಮಾರು 24 ದಿನ, ರೇವತಿಯ ಲೆಕ್ಕದಲ್ಲಿ 20. ಕಟ್ಟಡದ ಎರಡು ಸಂಕ್ರಾಂತಿಗಳ ಗುಟ್ಟು ಇಷ್ಟೇ.

ಹಬ್ಬ ನಾಲ್ಕು ದಿನ ಆಚೀಚೆ ಆದರೆ ನಷ್ಟವಿಲ್ಲ. ಬೇಸಾಯದ ಮಾತು ಬೇರೆ. ನಮ್ಮೂರಿನ ರೈತರು ಮಳೆಗಳನ್ನು ಕರೆಯುವುದೂ ಸೂರ್ಯನಿರುವ ನಕ್ಷತ್ರದ ಹೆಸರಿನಿಂದಲೇ. ಮೃಗಶಿರಾ ಮಳೆ ಈಗ ಹುಟ್ಟುವುದು ಜೂನ್ 7 ಅಥವಾ 8ಕ್ಕೆ, ಮುಂಗಾರು ಮುಂಬೈ ಮುಟ್ಟುವ ಹೊತ್ತಿಗೆ. ಅದೇ ಮೃಗಶಿರೆಯಲ್ಲಿ ಹಿಂದೊಮ್ಮೆ ವಸಂತದ ಹಗಲು-ರಾತ್ರಿ ಸಮನಾಗುತ್ತಿತ್ತು ಎಂಬುದೇ 1893ರ ‘ಓರಾಯನ್’ ಪುಸ್ತಕದಲ್ಲಿ ವೇದಗಳ ಕಾಲ ನಿರ್ಣಯಿಸಲು ಟಿಳಕರು ಹಿಡಿದ ಆಧಾರ. ಅವರ ಲೆಕ್ಕದಲ್ಲಿ ಅದು ಸುಮಾರು ಆರು ಸಾವಿರ ವರ್ಷಗಳ ಹಿಂದಿನ ಮಾತು. ಇನ್ನಾರು ಸಾವಿರ ವರ್ಷ ಇದೇ ಪಂಚಾಂಗ ಹಿಡಿದರೆ ಎಳ್ಳು-ಬೆಲ್ಲ ಏಪ್ರಿಲ್ ಬಿಸಿಲಿಗೆ ಬಂದಿರುತ್ತದೆ, ಮೃಗಶಿರಾ ಮಳೆ ಮಳೆಗಾಲದ ಕೊನೆಯ ಘಟ್ಟದಲ್ಲಿ ಹುಟ್ಟುತ್ತದೆ.